ಡ್ರಮ್ ಖಾಲಿ ಮಾಡಿದರೆ ಸಾಲದು, ಉಜ್ಜಿ

ಫಾಗಿಂಗ್ ಯಾವಾಗ ಅಂತ ಎಲ್ಲರೂ ಕೇಳುತ್ತಿದ್ದೀರಿ. ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ, ನೀರೊಳಗಿನ ಮರಿಗಳಿಗೆ ಏನೂ ಆಗಲ್ಲ. ಡೆಂಗಿ, ಚಿಕೂನ್‌ಗುನ್ಯಾ, ಜೀಕಾ ಮೂರನ್ನೂ ಹರಡುವುದು ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆ. 2023ರಲ್ಲಿ ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಗಳಲ್ಲೇ ಜೀಕಾ ವೈರಸ್ ಸಿಕ್ಕಿತ್ತು, ಮರೆತೇಬಿಟ್ಟೆವು ಅಲ್ವಾ?

ನಲ್ಲಿ ನೀರು ದಿನಾ ಬರಲ್ಲ, ಡ್ರಮ್ ತುಂಬಿಸಿಡಲೇಬೇಕು, ಸರಿ. ಆದರೆ ಈ ಸೊಳ್ಳೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಒದ್ದೆ ಒಳಮೈಗೆ ಕರಿ ಚುಕ್ಕಿಯಂಥ ಮೊಟ್ಟೆಗಳನ್ನು ಅಂಟಿಸುತ್ತದೆ, ಅವು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು ಮತ್ತೆ ನೀರು ತಾಗಿದಾಗ ಮರಿಯಾಗುತ್ತವೆ. ಸುಮ್ನೆ ನೀರು ಚೆಲ್ಲಿ ಪ್ರಯೋಜನವಿಲ್ಲ. ಸೊಳ್ಳೆಯೊಳಗೆ ಡೆಂಗಿ ವೈರಸ್ ಬೆಳೆಯದಂತೆ ತಡೆಯುವ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಇರುವ ಸೊಳ್ಳೆಗಳನ್ನು ಊರೊಳಗೆ ಹಾರಬಿಟ್ಟು ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಡೆಂಗಿ 77% ಇಳಿಸಿದ್ದಾರೆ, ನಮಗೆ ಸದ್ಯಕ್ಕೆ ತೆಂಗಿನ ನಾರೇ ಗತಿ. ವಾರಕ್ಕೊಮ್ಮೆ ಉಜ್ಜಿ, ಬಟ್ಟೆ ಕಟ್ಟಿ ಮುಚ್ಚಿಡಿ. ಫ್ರಿಜ್ ಹಿಂದೆ ನೀರು ನಿಲ್ಲುವ ತಟ್ಟೆಯನ್ನೂ ನೋಡಿ.