ಡಿಸಾಸ್ಟ್ರಸ್ ಎಂದರೆ ಯಾವಾಗಲೂ ವಿನಾಶವಲ್ಲ

ಮಾನ್ಯ ಸಂಪಾದಕರೇ,

ಇಂಗ್ಲಿಷಿನ ‘ಡಿಸಾಸ್ಟ್ರಸ್’ ಕಂಡಲ್ಲೆಲ್ಲ ಕಣ್ಣುಮುಚ್ಚಿ ‘ವಿನಾಶಕಾರಿ’ ಎಂದು ಬರೆಯುವ ರೂಢಿ ಅನುವಾದಕರಲ್ಲಿದೆ. ಪ್ರವಾಹಕ್ಕೋ ಕಾಳ್ಗಿಚ್ಚಿಗೋ ಅದು ಸರಿ. ಆದರೆ ಈ ವಿಶೇಷಣಕ್ಕೆ ‘ಸಂಪೂರ್ಣ ವಿಫಲ’ ಎಂಬ ಅರ್ಥವೂ ಇದೆ. ಆಟಗಾರನೊಬ್ಬ ಮೊದಲ ಪಂದ್ಯದಲ್ಲೇ ಸೊನ್ನೆ ಸುತ್ತಿದರೆ ಅದು ‘ವಿನಾಶಕಾರಿ ಆರಂಭ’ ಅಲ್ಲ. ‘ಹೀನಾಯ ಆರಂಭ’ ಎಂದರೆ ಸಾಕು. ‘ವಿನಾಶಕಾರಿ’ ಎಂದರೆ ಅವನು ಎದುರಾಳಿಯನ್ನೇ ಧೂಳೀಪಟ ಮಾಡಿದಂತಾಗುತ್ತದೆ!

ಇಂಗ್ಲಿಷಿನಲ್ಲೇ ಬರೆಯುವವರು ಎಡವುವುದು ಕಾಗುಣಿತದಲ್ಲಿ. ‘ಡಿಸಾಸ್ಟರ್’ನಲ್ಲಿ ‘ಆರ್’ಗೆ ಮೊದಲು ಬರುವ ‘ಇ’ ಅಕ್ಷರ ವಿಶೇಷಣದಲ್ಲಿ ಬಿದ್ದುಹೋಗುತ್ತದೆ. ‘ಮಾನ್‌ಸ್ಟರ್’ನಿಂದ ‘ಮಾನ್‌ಸ್ಟ್ರಸ್’ ಆಗುವುದೂ ಹೀಗೆಯೇ. ಆದರೆ ‘ಡೇಂಜರಸ್’ನಂಥ ಪದಗಳಲ್ಲಿ ‘ಇ’ ಉಳಿಯುವುದರಿಂದ ಗೊಂದಲ. ಉಚ್ಚಾರದಲ್ಲಿ ಮೂರೇ ಭಾಗ, ಒತ್ತು ನಡುವಿನ ‘ಸಾ’ ಮೇಲೆ.

ಅಪಾಯವಿರುವುದು ಇನ್ನೊಂದು ಕಡೆ. ‘ಡಿಸಾಸ್ಟರ್ ಮ್ಯಾನೇಜ್‌ಮೆಂಟ್’ ಎಂದರೆ ವಿಪತ್ತು ನಿರ್ವಹಣೆ. ಅಲ್ಲಿ ನಾಮಪದವೇ ವಿಶೇಷಣದ ಕೆಲಸ ಮಾಡುತ್ತದೆ. ವ್ಯಾಕರಣ ತಿದ್ದುವ ಹುಮ್ಮಸ್ಸಿನಲ್ಲಿ ‘ಡಿಸಾಸ್ಟ್ರಸ್ ಮ್ಯಾನೇಜ್‌ಮೆಂಟ್’ ಎಂದು ಬರೆದರೆ ನಿರ್ವಹಣೆಯೇ ಅನಾಹುತ ಎಂದಾಗುತ್ತದೆ. ಕೆಲವೊಮ್ಮೆ ಅದೇ ನಿಜವಿರಬಹುದು, ಆ ಮಾತು ಬೇರೆ. ಸಂತ್ರಸ್ತರಿಗೂ ಈ ಪದ ಹೊಂದದು: ‘ಡಿಸಾಸ್ಟ್ರಸ್’ ಆಗಿರುವುದು ಘಟನೆ, ನಿರ್ಧಾರ ಅಥವಾ ಪರಿಣಾಮ, ನೊಂದ ಜನರಲ್ಲ.

ಪದದಲ್ಲೇ ತೀವ್ರತೆ ಇರುವುದರಿಂದ ಅದಕ್ಕೆ ಮೊದಲು ‘ವೆರಿ’ ಸೇರಿಸುವುದೂ ಸೊಗಸಲ್ಲ. ಒತ್ತು ಬೇಕೆಂದರೆ ‘ಆಬ್ಸಲ್ಯೂಟ್ಲಿ’ ಒಪ್ಪುತ್ತದೆ.

– ಓದುಗ