ಶುಂಠಿಗೆ ಔಷಧ ಸುರಿಯುವ ಮುನ್ನ ಒಂದು ಲೋಟ ನೀರು

ಮಾನ್ಯ ಸಂಪಾದಕರೇ,

ಸಾಗರ, ಸೊರಬ, ಹೊಸನಗರದ ಕಡೆ ಮಳೆಗಾಲದಲ್ಲಿ ಶುಂಠಿ ಹಳದಿಯಾಯಿತೆಂದರೆ ‘ಕೊಳೆ ಬಂತು’ ಎನ್ನುವುದು, ಅಂಗಡಿಯವರು ಕೊಟ್ಟದ್ದನ್ನೆಲ್ಲ ಒಂದೇ ಡ್ರಮ್ಮಿಗೆ ಕಲಸಿ ಬುಡಕ್ಕೆ ಹೊಯ್ಯುವುದು ರೂಢಿ. ಆದರೆ ಗೆಡ್ಡೆ ಕೊಳೆಸುವ ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿ ಬೇರೆ, ಸೊರಗು ರೋಗ ತರುವ ರಾಲ್‌ಸ್ಟೋನಿಯಾ ಎಂಬ ದುಂಡಾಣು ಬೇರೆ. ಪಿಥಿಯಂನ ಕೋಶಭಿತ್ತಿ ಗ್ಲುಕಾನ್ ಮತ್ತು ಸೆಲ್ಯುಲೋಸಿನದು. ದುಂಡಾಣುವಿನದು ಪೆಪ್ಟಿಡೋಗ್ಲೈಕನ್: ಎರಡು ಬಗೆಯ ಸಕ್ಕರೆ ಅಣುಗಳನ್ನು ಒಂದಾದ ಮೇಲೊಂದು ಪೋಣಿಸಿದ ಎಳೆಗಳು, ಎಳೆಯಿಂದ ಎಳೆಗೆ ಅಮೈನೋ ಆಮ್ಲಗಳ ಅಡ್ಡಕೊಂಡಿ. ನೀರು ಒಳನುಗ್ಗಿ ಕೋಶ ಉಬ್ಬಿದಾಗ ಒಡೆಯದಂತೆ ಹಿಡಿಯುವುದು ಈ ಬಲೆಯೇ, ಟ್ಯೂಬನ್ನು ಟೈರು ಹಿಡಿದಂತೆ.

ಗ್ರಾಂ ಎಂಬ ಬಣ್ಣದ ಪರೀಕ್ಷೆಯಿಂದ ದುಂಡಾಣುಗಳನ್ನು ಪಾಸಿಟಿವ್, ನೆಗೆಟಿವ್ ಎಂದು ಎರಡು ಗುಂಪು ಮಾಡುತ್ತಾರೆ. ಮಣ್ಣಿನಲ್ಲಿರುವ ಉಪಕಾರಿ ದುಂಡಾಣು ಬ್ಯಾಸಿಲಸ್‌ಗಳು ಗ್ರಾಂ ಪಾಸಿಟಿವ್. ಈ ಗುಂಪಿನಲ್ಲಿ ಬಲೆ 20ರಿಂದ 80 ನ್ಯಾನೊಮೀಟರ್ ದಪ್ಪ. ರಾಲ್‌ಸ್ಟೋನಿಯಾ ಗ್ರಾಂ ನೆಗೆಟಿವ್. ಅದರ ಬಲೆ ಕೆಲವೇ ನ್ಯಾನೊಮೀಟರ್, ಆದರೆ ಮೇಲೊಂದು ಹೊರಪೊರೆ ಇದೆ. ಪೆನಿಸಿಲಿನ್ ಜಾತಿಯ ಔಷಧ ಕೆಲಸ ಮಾಡುವುದು ಅಡ್ಡಕೊಂಡಿ ಹಾಕುವ ಕಿಣ್ವದ ಮೇಲೆ, ಅದೂ ಕೋಶ ಬೆಳೆಯುತ್ತಿದ್ದರೆ ಮಾತ್ರ. ಹೊರಪೊರೆ ದಾಟುವುದೇ ಅದಕ್ಕೆ ಕಷ್ಟ. ಮೆಡಿಕಲ್ ಶಾಪಿನ ಕ್ಯಾಪ್ಸೂಲ್ ಬಿಚ್ಚಿ ಡ್ರಮ್ಮಿಗೆ ಹಾಕುವವರು ಇದನ್ನು ತಿಳಿಯಬೇಕು. ಸ್ಟ್ರೆಪ್ಟೊಮೈಸಿನ್ ಎಂಬ ಇನ್ನೊಂದು ದುಂಡಾಣುನಾಶಕ ಭಿತ್ತಿಯನ್ನು ಮುಟ್ಟುವುದಿಲ್ಲ, ಕೋಶದೊಳಗೆ ಹೋಗಿ ಪ್ರೋಟೀನ್ ತಯಾರಿ ಕೆಡಿಸಬೇಕು; ದುಂಡಾಣು ಗಿಡದ ನೀರ್ನಾಳದಲ್ಲಿ ಕೂತಿರುವಾಗ ಬುಡಕ್ಕೆ ಹೊಯ್ದದ್ದು ಅಲ್ಲಿಗೆ ತಲುಪುವುದು ಅಷ್ಟರಲ್ಲೇ ಇದೆ. ಮೆಟಲಾಕ್ಸಿಲ್ ಎಂಬ ಶಿಲೀಂಧ್ರನಾಶಕ ಪಿಥಿಯಂಗೆ ಸರಿ, ದುಂಡಾಣುವಿಗೆ ತಾಗದು.

ಯಾವ ರೋಗವೆಂದು ನೋಡಲು ಗಾಜಿನ ಲೋಟ ಸಾಕು. ಆಗಷ್ಟೇ ಸೊರಗಿದ, ಇನ್ನೂ ಹಸಿರಿರುವ ಗಿಡ ಆರಿಸಿ. ಬುಡದ ಕಾಂಡವನ್ನು ತೊಳೆದು, ಹರಿತ ಚಾಕುವಿನಿಂದ ಸುಮಾರು 5 ಸೆಂ.ಮೀ. ತುಂಡು ಕತ್ತರಿಸಿ, ಕೆಳತುದಿ ಮಾತ್ರ ತಿಳಿನೀರಿಗೆ ತಾಗುವಂತೆ ತೂಗುಬಿಡಿ. ಹಿಂದೆ ಕಪ್ಪು ಬಟ್ಟೆಯಿರಲಿ, ಲೋಟ ಅಲುಗಿಸಬೇಡಿ. ಸೊರಗು ರೋಗವಾದರೆ ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆಗಳು ಕೆಳಕ್ಕೆ ಇಳಿಯುತ್ತವೆ. ಗೆಡ್ಡೆಯ ತುಂಡು ಬಳಸಿದರೆ ಅದರ ಪಿಷ್ಟವೇ ನೀರನ್ನು ಕದಡಿ ಮೋಸ ಮಾಡುತ್ತದೆ. ಪೂರ್ತಿ ಒಣಗಿದ ಗಿಡದಲ್ಲಿ ಎಳೆ ಬಾರದೆ ಹೋಗಬಹುದು. ಕೊಳೆತು ನಾರುವ ಗಿಡದಲ್ಲಿ ಬೇರೆ ದುಂಡಾಣುಗಳೂ ಸೇರಿರುತ್ತವೆ.

ದುಂಡಾಣು ಯಾವ ಗುಂಪಿನದೆಂದು ನೋಡಲು ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಿ, ಶೇ 3ರ ಪೊಟ್ಯಾಷಿಯಂ ಹೈಡ್ರಾಕ್ಸೈಡ್‌ನ ಎರಡು ಹನಿಯಲ್ಲಿ ಕಲಸುತ್ತಾರೆ. ಗ್ರಾಂ ನೆಗೆಟಿವ್ ಆದರೆ ಕೋಶ ಒಡೆದು ಡಿಎನ್‌ಎ ಹೊರಬಂದು, ಕಡ್ಡಿ ಎತ್ತಿದಾಗ ಲೋಳೆ ದಾರ ಏಳುತ್ತದೆ. ಗೊಬ್ಬರದ ಪೊಟ್ಯಾಷ್‌ನಿಂದ ಇದಾಗದು. ಹೈಡ್ರಾಕ್ಸೈಡ್ ಕೈ ಸುಡುವ ವಸ್ತು, ಮನೆಯಲ್ಲಿ ಬೇಡ.

ಲೋಟದ ನೀರನ್ನು ಮಾತ್ರ ಗದ್ದೆಗೆ ಚೆಲ್ಲಬೇಡಿ, ಕುದಿಸಿ ಚೆಲ್ಲಿ. ಬರಿ ನೀರಿನಲ್ಲೂ ಒಡೆಯದ ಜೀವಿಯಿದು; ಪ್ರಯೋಗಾಲಯಗಳಲ್ಲಿ ರಾಲ್‌ಸ್ಟೋನಿಯಾವನ್ನು ಭಟ್ಟಿ ಇಳಿಸಿದ ನೀರಿನಲ್ಲೇ ವರ್ಷಗಟ್ಟಲೆ ಕಾಪಿಡುತ್ತಾರೆ. ಮೇಲಿನ ಮಡಿಯ ಬಸಿನೀರು ಕೆಳಗಿನವರ ಗದ್ದೆಗೆ ರೋಗ ಒಯ್ಯುವುದು ಹೀಗೆ. ರೋಗದ ಮಡಿಯ ನೀರನ್ನು ಅಲ್ಲೇ ತಡೆದು, ಗಿಡಗಳನ್ನು ಗೆಡ್ಡೆ ಸಮೇತ ಕಿತ್ತು ಸುಡಬೇಕು. ಆ ಗದ್ದೆಯ ಗೆಡ್ಡೆ ಬೀಜಕ್ಕೆ ಬೇಡ. ಮರುವರ್ಷ ಅಲ್ಲಿ ಶುಂಠಿ, ಟೊಮೆಟೊ, ಬದನೆ, ಮೆಣಸಿನಕಾಯಿ ಯಾವುದೂ ಬೇಡ, ಭತ್ತವಾದೀತು.

ಈ ಲೋಟ ಪರೀಕ್ಷೆಯನ್ನು ಮಳೆಗಾಲ ಮುಗಿಯುವವರೆಗೆ ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ಮಾಡಿ ತೋರಿಸಬೇಕು, ಎಳೆ ಕಂಡ ಗಿಡವನ್ನು ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯಕ್ಕೆ ಕಳಿಸುವ ವ್ಯವಸ್ಥೆಯಾಗಬೇಕು. ಗಿಡವನ್ನು ಬುಡದ ಮಣ್ಣು ಸಮೇತ ಪೇಪರಿನಲ್ಲಿ ಸುತ್ತಿ ಅದೇ ದಿನ ಒಯ್ಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವತು ಕೊಳೆತು ಪರೀಕ್ಷೆಗೆ ಬಾರದಂತಾಗುತ್ತದೆ.

– ಸಸ್ಯರೋಗ ಶಾಸ್ತ್ರದ ಇಬ್ಬರು ಅಧ್ಯಾಪಕರು, ಸಾಗರ