ತ್ರಿಕೋನವಲ್ಲ, ಪಿರಮಿಡ್ ಬೇಕು

ಗೆಳೆಯಾ,

ನೀನು ಕಳಿಸಿದ ಚಿತ್ರಗಳನ್ನೆಲ್ಲ ನೋಡಿದೆ. ಒಂದರಲ್ಲೂ ಪಿರಮಿಡ್ ಇಲ್ಲ ಕಣೋ, ಬರೀ ತ್ರಿಕೋನಗಳಿವೆ. ಕ್ಯಾಮೆರಾವನ್ನು ಬೈಯಬೇಡ. ಪ್ರತಿ ಸಲವೂ ಒಂದು ಮುಖದ ಎದುರಿಗೇ ಹೋಗಿ ನಿಂತಿದ್ದೀಯ. ಕಾಣೋದೇ ಒಂದು ಮುಖ ಅಂದಮೇಲೆ ಆಳ ಎಲ್ಲಿಂದ ಬರಬೇಕು? ಎರಡು ಮುಖ ಕಾಣಬೇಕು, ಎರಡರ ಮೇಲೂ ಬೆಳಕು ಬೇರೆ ಬೇರೆಯಾಗಿ ಬೀಳಬೇಕು. ಲೆನ್ಸು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಲ್ಲ ಆಮೇಲಿನ ಮಾತು.

ಮೊದಲು ನಿಲ್ಲುವ ಜಾಗ. ಮುಖಕ್ಕೆ ನೇರ ಎದುರಿನ ಗೆರೆಯಿಂದ ಸುಮಾರು 27 ಡಿಗ್ರಿ ಪಕ್ಕಕ್ಕೆ ಸುತ್ತಿ ಬಂದರೆ ಎರಡು ಮುಖಗಳ ಬುಡ 2:1ರ ಅಳತೆಯಲ್ಲಿ ಕಾಣುತ್ತದೆ. 45 ಡಿಗ್ರಿಗೆ ಹೋದೆಯೋ, ನಡುವಿನ ಅಂಚು ಚಿತ್ರವನ್ನು ಸರಿಯಾಗಿ ಎರಡು ಹೋಳು ಮಾಡಿಬಿಡುತ್ತದೆ, ಮಡಚಿಟ್ಟ ಕಾಗದದ ಹಾಗೆ. ಇನ್ನೊಂದು ತೊಂದರೆಯೂ ಇದೆ. ಗೀಝಾದ ಮಹಾ ಪಿರಮಿಡ್‌ನ ಇಳಿಜಾರು ಸುಮಾರು 51.8 ಡಿಗ್ರಿ. ಎದುರಿನಿಂದ, ದೂರದಿಂದ ನೋಡಿದರೆ ಹೊರಗೆರೆ ಅಷ್ಟೇ ಕಡಿದಾಗಿರುತ್ತದೆ. ಮೂಲೆಯ ಕಡೆಯಿಂದ ನೋಡಿದರೆ ಅದೇ ಹೊರಗೆರೆ 42 ಡಿಗ್ರಿಗೆ ಇಳಿದು, ಕಟ್ಟಡ ಕುಸಿದು ಕೂತಂತೆ ಕಾಣುತ್ತದೆ. 27ರಲ್ಲೂ ಬಹಳ ವ್ಯತ್ಯಾಸವಿಲ್ಲ, 43ರ ಸುತ್ತಮುತ್ತ. ಎತ್ತರವೇ ನಿನಗೆ ಮುಖ್ಯವಾದರೆ 12 ಡಿಗ್ರಿಯಷ್ಟು ಸುತ್ತು ಸಾಕು, ಆದರೆ ತುಂಬ ದೂರದಲ್ಲಿ ನಿಂತಿರಬೇಕು. ಎರಡನೆಯ ಮುಖ ತೆಳು ಪಟ್ಟಿಯಾಗಿ ಉಳಿಯುತ್ತದೆ, ಹೊರಗೆರೆ 47ರ ಹತ್ತಿರ ನಿಲ್ಲುತ್ತದೆ. ನನ್ನ ಓಟು ಇದಕ್ಕೇ.

ದೂರದ ಲೆಕ್ಕ ಸುಲಭ. ಮಹಾ ಪಿರಮಿಡ್‌ನ ಬುಡ 230 ಮೀಟರ್, ಮೂಲೆಯಿಂದ ಮೂಲೆಗೆ 325. ಮೂಲೆಯ ಕಡೆಯಿಂದ, ನಡುಬಿಂದುವಿಗೆ 500 ಮೀಟರ್ ದೂರದಲ್ಲಿ ನಿಂತರೆ ಅದು ಸುಮಾರು 36 ಡಿಗ್ರಿ ಜಾಗ ಹಿಡಿಯುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (ಸೆನ್ಸರ್ ಹಳೆಯ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡದಿರುವುದು) 50 ಎಂಎಂ ಲೆನ್ಸ್ ಅಡ್ಡಕ್ಕೆ ನೋಡುವುದೇ 39 ಚಿಲ್ಲರೆ ಡಿಗ್ರಿ, ಅಂದರೆ ಚೌಕಟ್ಟು ಭರ್ತಿ. ಸುತ್ತ ಉಸಿರಾಡಲು ಜಾಗ ಬೇಕಾದರೆ 35 ಎಂಎಂ ಹಾಕು. ಬುಡಕ್ಕೇ ಹೋಗಿ 16 ಎಂಎಂನಲ್ಲಿ ತೆಗೆದರೆ ಹತ್ತಿರದ ಕಲ್ಲುಗಳು ದೈತ್ಯವಾಗಿ, ತುದಿ ಹಿಂದಕ್ಕೆ ಸರಿದು ಗುಡ್ಡೆಯಾಗುತ್ತದೆ. ಕ್ಯಾಮೆರಾ ವಾಲಿದ್ದರೂ ಇಲ್ಲಿ ಬೇಗ ಗೊತ್ತಾಗುವುದಿಲ್ಲ, ಹೋಲಿಸಿ ನೋಡಲು ನೆಟ್ಟಗೆ ನಿಂತ ಗೆರೆ ಒಂದೂ ಇರುವುದಿಲ್ಲವಲ್ಲ. ದೂರದಿಂದ ತೆಗೆದ ಚಿತ್ರದಲ್ಲಿ ಎಡ, ಬಲ ಹೊರಗೆರೆಗಳ ಕೋನ ಒಂದೇ ಇದೆಯಾ ಎಂದು ಗ್ರಿಡ್ ಹಾಕಿ ನೋಡು.

ಈಗ ಬಿಸಿಲು. ಸೂರ್ಯನ ಎತ್ತರ ಇಳಿಜಾರಿನ ಕೋನವನ್ನು ದಾಟಿದರೆ ನಾಲ್ಕೂ ಮುಖಕ್ಕೆ ಬಿಸಿಲು ಬೀಳುತ್ತದೆ, ಚಿತ್ರ ಚಪ್ಪಟೆ. ಗೀಝಾದಲ್ಲಿ ಜೂನ್ ಕೊನೆಯ ನಡುಮಧ್ಯಾಹ್ನ ಸೂರ್ಯ 83 ಡಿಗ್ರಿ ಮೇಲಿರುತ್ತಾನೆ, ನೆರಳಿನ ಮುಖವೇ ಸಿಗುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಅದೇ ಹೊತ್ತಿಗೆ 36ರ ಸುಮಾರು, ಉತ್ತರದ ಮುಖ ನೆರಳಲ್ಲೇ ಇರುತ್ತದೆ. ಸಾಮಾನ್ಯವಾಗಿ ಸೂರ್ಯ 15ರಿಂದ 25 ಡಿಗ್ರಿ ಎತ್ತರದಲ್ಲಿ, ನಿನ್ನ ನೋಟಕ್ಕೆ ಅಡ್ಡಲಾಗಿ ಇರುವ ಹೊತ್ತು ಹಿಡಿ. ಬಿಸಿಲಿನ ಮುಖಕ್ಕೆ ಎಕ್ಸ್‌ಪೋಷರ್ ಅಳೆ. ನೆರಳಿನ ಮುಖ ಎರಡು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ) ಕೆಳಗಿದ್ದರೆ ಚೆನ್ನ, ನಾಲ್ಕಾದರೆ ಕಪ್ಪು ಕಾಗದ ಅಂಟಿಸಿದಂತಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಪಿರಮಿಡ್‌ಗೆ, ದೇವಸ್ಥಾನದ ವಿಮಾನಕ್ಕೆ ಮಾತ್ರ ಬೇರೆ ನಿಯಮ. ಅಲ್ಲಿ ಬಿಸಿಲು ಇನ್ನೂ ಮೇಲಿದ್ದರೂ ನಡೆಯುತ್ತದೆ, ಪ್ರತಿ ಚಾಚು ತನ್ನ ಕೆಳಗೆ ನೆರಳಿನ ಗೆರೆ ಎಳೆದುಕೊಳ್ಳುತ್ತದೆ.

ಗಾಜಿನ ಪಿರಮಿಡ್‌ಗೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿ ಮೋಸಹೋಗುವವರೇ ಹೆಚ್ಚು. ಗಾಜಿನ ಪ್ರತಿಫಲನ ಚೆನ್ನಾಗಿ ಕತ್ತರಿಸುವುದು ನಿನ್ನ ನೋಟ ಗಾಜಿನ ಮೇಲ್ಮೈಗೆ ಸುಮಾರು 34 ಡಿಗ್ರಿ ಓರೆಯಾಗಿದ್ದಾಗ. ಎರಡು ಮುಖಗಳ ಕೋನ ಬೇರೆಯಾದ್ದರಿಂದ ಒಂದು ತಿಳಿಯಾಗಿ, ಇನ್ನೊಂದು ಆಕಾಶ ಹೊತ್ತುಕೊಂಡೇ ಉಳಿಯುತ್ತದೆ. ಪ್ಯಾರಿಸ್ಸಿನ ಲೂವ್ರ್‌ ಪಿರಮಿಡ್ (1989, ಎತ್ತರ 21 ಮೀಟರ್ ಚಿಲ್ಲರೆ) ತೆಗೆಯುವುದಾದರೆ ಆ ಫಿಲ್ಟರ್ ಬ್ಯಾಗಿನಲ್ಲೇ ಇರಲಿ. ಸೂರ್ಯ ಮುಳುಗಿ 20-30 ನಿಮಿಷಕ್ಕೆ ಒಳಗಿನ ದೀಪವೂ ಹೊರಗಿನ ನೀಲಿಯೂ ಸರಿಸಮಕ್ಕೆ ಬರುತ್ತವೆ. ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಅಪರ್ಚರ್ ಎಫ್ 8, ಶಟರ್ 2 ಸೆಕೆಂಡಿನಿಂದ ಶುರುಮಾಡು.

ಬೆಟ್ಟದ ವಿಷಯಕ್ಕೆ ಬಂದರೆ, ಮೂರ್ನಾಲ್ಕು ಕಡೆಯಿಂದ ಹಿಮನದಿ ಕೊರೆದ ಶಿಖರಗಳೇ ಈ ಆಕಾರಕ್ಕೆ ಬರುತ್ತವೆ. 4,478 ಮೀಟರಿನ ಮ್ಯಾಟರ್‌ಹಾರ್ನ್ ಸ್ವಿಟ್ಜರ್ಲೆಂಡಿನ ಜರ್ಮಾಟ್ ಕಡೆಯಿಂದ ಪಕ್ಕಾ ಪಿರಮಿಡ್. ನಡುವಿನ ಏಣು ನಿನ್ನ ಕಡೆಗೇ ಇರುತ್ತದೆ, ಬೆಳಗ್ಗೆ ಪೂರ್ವದ ಮುಖಕ್ಕೆ ಬಿಸಿಲು, ಉತ್ತರದ್ದಕ್ಕೆ ನೆರಳು. ಇಟಲಿಯ ಕಡೆಯಿಂದ ಅದೇ ಬೆಟ್ಟ ಅಗಲವಾದ ಗೋಡೆ.

ಆದರೆ ಬೆಟ್ಟಕ್ಕಿಂತ ಅದರ ನೆರಳು ಮಜಾ. ಶಿಖರದ ತುದಿಯಲ್ಲಿ ನಿಂತು ಸೂರ್ಯೋದಯದಲ್ಲಿ ಬೆನ್ನು ತಿರುಗಿಸಿ ನೋಡು. ಬೆಟ್ಟ ಯಾವ ಆಕಾರದ್ದೇ ಆಗಿರಲಿ, ನೆರಳು ತ್ರಿಕೋನವಾಗಿ ಮಂಜಿನ ಮೇಲೆ ಚಾಚಿರುತ್ತದೆ. ನೆರಳಿನ ಎರಡೂ ಅಂಚು ಹೆಚ್ಚುಕಡಿಮೆ ಸಮಾನಾಂತರವಾಗಿಯೇ ಹೋಗುತ್ತಿರುತ್ತವೆ. ದೂರದಲ್ಲಿ ರೈಲುಹಳಿ ಕೂಡಿದಂತೆ ಕೂಡಿ ಕಾಣುತ್ತವೆ, ಅಷ್ಟೇ. ಶ್ರೀಲಂಕಾದ ಶ್ರೀಪಾದ, ಕೆನರಿ ದ್ವೀಪದ ಟೈಡೆ ಇದಕ್ಕೆ ಹೆಸರುವಾಸಿ. 24ರಿಂದ 35 ಎಂಎಂ ಸಾಕು. ಸೂರ್ಯ ಮೇಲೇರುತ್ತಿದ್ದಂತೆ ನೆರಳು ಗಿಡ್ಡವಾಗಿ ಕಣಿವೆಗೆ ಇಳಿದುಬಿಡುತ್ತದೆ, ಹಾಗಾಗಿ ಎಲ್ಲರೂ ಪೂರ್ವಕ್ಕೆ ಕ್ಯಾಮೆರಾ ಹಿಡಿದಿರುವಾಗಲೇ ನೀನು ತಿರುಗು.

ಎಲ್ಲಿಗೂ ಹೋಗಲಾಗದಿದ್ದರೆ ಉಪ್ಪಿದೆ. 100 ಮಿಲಿ ನೀರಿಗೆ 36 ಗ್ರಾಂ ಉಪ್ಪು ಹಾಕಿ ಬಿಸಿಮಾಡಿ ಕರಗಿಸಿ, ಸೋಸಿ, ಅಗಲ ತಟ್ಟೆಗೆ ಹಾಕಿ ಬೆಚ್ಚಗಿನ, ಗಾಳಿ ಅಲುಗದ ಕಡೆ ಇಡು. ಹರಳುಪ್ಪು ಒಳ್ಳೆಯದು, ಗಂಟು ಕಟ್ಟದಂತೆ ಪುಡಿ ಸೇರಿಸಿದ ಉಪ್ಪಾದರೆ ನೀರು ಮಬ್ಬಾಗುತ್ತದೆ. ನೀರಿನ ಮೇಲ್ಪದರದಲ್ಲಿ ತೇಲುವ ಪುಟ್ಟ ಚೌಕ ಭಾರಕ್ಕೆ ತುಸು ತಗ್ಗುತ್ತದೆ, ನೀರಿನ ಮಟ್ಟದಲ್ಲಿರುವ ಅಂಚಿಗೆ ಹೊಸ ಉಪ್ಪು ಕೂಡುತ್ತದೆ, ಮತ್ತೆ ತಗ್ಗುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ, ಒಳಗೆ ಟೊಳ್ಳಾದ ತಲೆಕೆಳಗಿನ ಪಿರಮಿಡ್ ಬೆಳೆಯುತ್ತದೆ. ತಟ್ಟೆಗೆ ಕೈ ತಗುಲಿದರೆ ಎಲ್ಲವೂ ಮುಳುಗುತ್ತವೆ. ಕೆಲವು ಮಿಲಿಮೀಟರ್ ಬೆಳೆದದ್ದನ್ನು ಚಮಚದಿಂದ ಕೆಳಗಿನಿಂದ ಎತ್ತಿ, ಬ್ಲಾಟಿಂಗ್ ಕಾಗದದ ಮೇಲೆ ಒಣಗಿಸಿ, ಕಪ್ಪು ಕಾಗದದ ಮೇಲೆ ಬೋರಲು ಹಾಕು. ಟಾರ್ಚು ಒಂದೇ ಪಕ್ಕದಿಂದ, ಕಾಗದಕ್ಕೆ ಹೆಚ್ಚುಕಡಿಮೆ ಅಂಟಿಕೊಂಡಂತೆ ಇರಲಿ. 1:1 ಮ್ಯಾಕ್ರೋದಲ್ಲಿ (ಹರಳು ಸೆನ್ಸರಿನ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರದಿಂದ) ಎಫ್ 8 ಇಟ್ಟು, ಫೋಕಸ್ ಚೂರುಚೂರೇ ಸರಿಸುತ್ತಾ 20 ಚಿತ್ರ ತೆಗೆದು ಕೂಡಿಸು. ಕಿಂಡಿ ತೀರ ಚಿಕ್ಕದು ಮಾಡಿ ಎಫ್ 22ಕ್ಕೆ ಹೋದರೆ ಎಲ್ಲವೂ ಫೋಕಸ್‌ನಲ್ಲಿದ್ದಂತೆ ಕಾಣುತ್ತದೆ, ಆದರೆ ಮೆಟ್ಟಿಲಿನ ಅಂಚುಗಳೆಲ್ಲ ಮಸುಕಾಗುತ್ತವೆ.

ಹೊಸ ಚಿತ್ರ ಕಳಿಸುವಾಗ ಎಷ್ಟು ಗಂಟೆಗೆ ತೆಗೆದದ್ದು ಅಂತ ಬರಿ.

ಇಂತಿ,
ನಿನ್ನ ಗೆಳೆಯ